ಬ್ಯಾಂಕಾಕ್‌ನಲ್ಲಿ ಮೊದಲ ನಾಲ್ಕು ದಿನ: ಪಟ್ಟಿಯನ್ನು ಅರ್ಧಕ್ಕೆ ಇಳಿಸಿ

ಪ್ರಶ್ನೆ: ನಾವು ಶಿವಮೊಗ್ಗದ ದಂಪತಿ. ಇಬ್ಬರಿಗೂ ಇದು ಮೊದಲ ವಿದೇಶ ಪ್ರವಾಸ. ಜನವರಿಯಲ್ಲಿ ಬೆನ್ನಿಗೊಂದು ಚೀಲ ಹಾಕಿಕೊಂಡು ಮೂರು ವಾರ ಥಾಯ್ಲೆಂಡ್ ಸುತ್ತಬೇಕೆಂದಿದ್ದೇವೆ. ಮಂಗಳವಾರ ಬೆಳಗಿನ ಜಾವ ಬ್ಯಾಂಕಾಕ್‌ನಲ್ಲಿ ಇಳಿದು, ಶುಕ್ರವಾರ ರಾತ್ರಿ ರೈಲಿನಲ್ಲಿ ಚಿಯಾಂಗ್ ಮಾಯ್‌ಗೆ ಹೊರಡುವುದು ಯೋಜನೆ. ಖಾವೊ ಸಾನ್ ರಸ್ತೆಯಲ್ಲಿ ಕೋಣೆ ನೋಡಿದ್ದೇವೆ. ನನ್ನ ಪತಿ ಗಂಟೆಗಂಟೆಯ ಪಟ್ಟಿ ಮಾಡಿದ್ದಾರೆ, ಅದನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ನಾನು ಸಸ್ಯಾಹಾರಿ, ಅವರು ಎಲ್ಲವನ್ನೂ ತಿನ್ನುತ್ತಾರೆ. ಇಷ್ಟು ದೊಡ್ಡ ಊರಿನಲ್ಲಿ ಮೊದಲ ದಿನವೇ ದಿಕ್ಕು ತಪ್ಪಿ ಜಗಳವಾಡಿಕೊಳ್ಳುತ್ತೇವೇನೋ ಎಂಬ ಭಯ ನನಗೆ. ಏನು ಮಾಡಬೇಕು?

ಉತ್ತರ: ಮೊದಲು ಪಟ್ಟಿಯ ವಿಷಯ. ನಿಮ್ಮ ಪತಿ ಶ್ರಮಪಟ್ಟು ಮಾಡಿದ್ದಾರೆ, ಅವರ ಉತ್ಸಾಹ ನನಗೆ ಇಷ್ಟವಾಯಿತು. ಆದರೂ ಅದರಲ್ಲಿ ಅರ್ಧವನ್ನು ಹೊಡೆದುಹಾಕಿ ಎನ್ನುತ್ತೇನೆ. ವಿಮಾನದಿಂದ ಇಳಿದ ದಿನವೇ ಅರಮನೆ, ವಾಟ್ ಪೋ, ವಾಟ್ ಅರುಣ್ ದೇವಸ್ಥಾನಗಳು, ರಾತ್ರಿ ಖಾವೊ ಸಾನ್ ಎಂದಿದೆ. ಮರುದಿನ ದಾಮ್ನೊಯೆನ್ ಸದುವಾಕ್‌ನ ತೇಲುವ ಮಾರುಕಟ್ಟೆ, ಮಧ್ಯಾಹ್ನ ಚತುಚಾಕ್ ಸಂತೆ. ತೇಲುವ ಮಾರುಕಟ್ಟೆ ಇರುವುದು ನಗರದಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ. ಚತುಚಾಕ್ ಮುಖ್ಯವಾಗಿ ಶನಿವಾರ, ಭಾನುವಾರದ ಸಂತೆ. ನೀವು ಹೋಗುವ ಬುಧವಾರ ಅಲ್ಲಿ ಹೆಚ್ಚಾಗಿ ಗಿಡ ಮಾರುವವರೇ ಇರುತ್ತಾರೆ. ಎರಡನ್ನೂ ಬಿಡಿ. ಮೊದಲ ಸಲ ಹೊರದೇಶಕ್ಕೆ ಹೋಗುವವರಿಗೆ ಈ ನಾಲ್ಕು ದಿನಗಳಲ್ಲಿ ಆಗಬೇಕಾದ ಕೆಲಸ ಒಂದೇ. ಗೊತ್ತಿಲ್ಲದ ಊರಿನಲ್ಲಿ ಇಬ್ಬರೂ ಜೊತೆಯಾಗಿ ಓಡಾಡಲು, ಹೊಟ್ಟೆ ತುಂಬಿಸಿಕೊಳ್ಳಲು, ದಣಿವಾದಾಗ ಬಾಯಿಬಿಟ್ಟು ಹೇಳಲು ಕಲಿಯುವುದು. ಅದನ್ನು ಕಲಿತರೆ ಉಳಿದ ಎರಡೂವರೆ ವಾರ ಸಲೀಸಾಗಿ ಸಾಗುತ್ತದೆ.

ಕೋಣೆಯನ್ನೂ ಬದಲಿಸಿ. ಖಾವೊ ಸಾನ್ ರಸ್ತೆ ಒಂದು ಸಂಜೆ ನೋಡಿ ಬರಲು ಚೆನ್ನಾಗಿದೆ. ಅಲ್ಲಿ ಮಲಗಲು ಹೋದರೆ ನಡುರಾತ್ರಿ ದಾಟಿದರೂ ಸಂಗೀತದ ಅಬ್ಬರ ನಿಲ್ಲುವುದಿಲ್ಲ. ಜೊತೆಗೆ ಹತ್ತಿರದಲ್ಲಿ ಮೆಟ್ರೊ ಇಲ್ಲ, ಎಲ್ಲಿಗೆ ಹೊರಟರೂ ಟ್ಯಾಕ್ಸಿಯವರೊಡನೆ ಮಾತುಕತೆಯಾಗಬೇಕು. ನನ್ನ ಆಯ್ಕೆ ಮೆಟ್ರೊದ ನೀಲಿ ಮಾರ್ಗದ ಸಾಮ್ ಯೋಟ್ ಅಥವಾ ವಾಟ್ ಮಂಗ್‌ಕಾನ್ ನಿಲ್ದಾಣದ ಸುತ್ತಮುತ್ತ. ಹಳೆಯ ಊರಿನ ಅಂಚಿನಲ್ಲಿ 2019ರಲ್ಲಿ ಶುರುವಾದ ನಿಲ್ದಾಣಗಳಿವು. ಒಂದು ಕಡೆ ಚೀನೀಯರ ಬಡಾವಣೆ ಯಾವೋವರತ್, ಇನ್ನೊಂದು ಕಡೆ ಭಾರತೀಯರ ಬಟ್ಟೆ ಅಂಗಡಿಗಳ ಫಾಹುರತ್, ನಡೆದು ಹೋಗುವಷ್ಟು ದೂರದಲ್ಲಿ ಹೂವಿನ ಮಾರುಕಟ್ಟೆ ಮತ್ತು ನದಿ. ಸಸ್ಯಾಹಾರಿಯಾದ ನಿಮಗೆ ಇದಕ್ಕಿಂತ ಅನುಕೂಲದ ಜಾಗ ಬ್ಯಾಂಕಾಕ್‌ನಲ್ಲಿ ಸಿಗುವುದು ಕಷ್ಟ. ನೀವು ಚಿಯಾಂಗ್ ಮಾಯ್‌ಗೆ ರೈಲು ಹತ್ತುವ ನಿಲ್ದಾಣವೂ ಇದೇ ನೀಲಿ ಮಾರ್ಗದಲ್ಲಿದೆ.

ಹೊರಡುವ ಮುಂಚಿನ ಕಾಗದಪತ್ರಗಳ ಬಗ್ಗೆ ಎರಡು ಮಾತು. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವ ಪ್ರತಿಯೊಬ್ಬ ವಿದೇಶಿಯೂ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ಇಳಿಯುವ ದಿನಕ್ಕೆ ಹಿಂದಿನ ಮೂರು ದಿನಗಳೊಳಗೆ ಅಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ತುಂಬಿದರಾಯಿತು, ಶುಲ್ಕವಿಲ್ಲ. ಯಾವುದಾದರೂ ಜಾಲತಾಣ ಇದಕ್ಕೆ ಹಣ ಕೇಳಿದರೆ ಅದು ಅಧಿಕೃತವಲ್ಲ ಎಂದೇ ತಿಳಿಯಿರಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತಿವೆ. ಟಿಕೆಟ್ ಕೊಳ್ಳುವಾಗ ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ. ಹಿಂದಿರುಗುವ ಟಿಕೆಟ್ಟು, ಕೋಣೆ ಕಾಯ್ದಿರಿಸಿದ ಪತ್ರ ಕಾಗದದಲ್ಲೇ ಇರಲಿ. ಮೊಬೈಲ್ ಚಾರ್ಜ್ ಮುಗಿದಾಗ ಸರದಿಯಲ್ಲಿ ನಿಂತು ಪರದಾಡಬೇಕಿಲ್ಲ.

ಈಗ ಮೊದಲ ದಿನಕ್ಕೆ ಬರುತ್ತೇನೆ. ನಿಮ್ಮ ಭಯ ನಿಜವಾಗುವ ಸಂಭವ ಇರುವುದು ಆ ದಿನವೇ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗಿನ ಜಾವ ಇಳಿಯುತ್ತೀರಿ. ನಾಲ್ಕು ಗಂಟೆಯಷ್ಟೇ ಹಾರಾಟ, ನಿದ್ದೆ ಆಗಿರುವುದಿಲ್ಲ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ ಇರುವ ರಾತ್ರಿಯೂ ಗಿಡ್ಡವಾಗುತ್ತದೆ. ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ನಡುವಿನ ಏಳೆಂಟು ಗಂಟೆ ಬೆನ್ನಿಗೆ ಚೀಲ, ಕಣ್ಣಿಗೆ ನಿದ್ದೆ, ತಲೆಯ ಮೇಲೆ ಬಿಸಿಲು. ಎಷ್ಟು ಅನ್ಯೋನ್ಯವಾಗಿರುವ ದಂಪತಿಯಾದರೂ ಈ ಹೊತ್ತಿನಲ್ಲಿ ಸಣ್ಣ ಮಾತಿಗೆ ಸಿಡುಕುತ್ತಾರೆ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಸೋಮವಾರ ರಾತ್ರಿಗೂ ಸೇರಿಸಿ ಕೋಣೆ ಹಿಡಿಯಿರಿ, ಬೆಳಿಗ್ಗೆ ಬರುತ್ತೇವೆ ಎಂದು ಮೊದಲೇ ಬರೆದು ತಿಳಿಸಿ. ಈ ಪ್ರವಾಸದಲ್ಲಿ ನೀವು ಮಾಡುವ ಖರ್ಚುಗಳಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ ಆಗಬಹುದು.

ಅಷ್ಟು ಖರ್ಚು ಬೇಡವೆಂದರೆ ಹೀಗೆ ಮಾಡಿ. ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲಮಾಳಿಗೆಗೆ ಇಳಿಯಿರಿ. ನಗರಕ್ಕೆ ಹೋಗುವ ರೈಲು ಅಲ್ಲಿಂದಲೇ ಹೊರಡುತ್ತದೆ, ಹಣ ವಿನಿಮಯದ ಕೌಂಟರ್‌ಗಳೂ ಅಲ್ಲಿವೆ. ಮೇಲಿನ ಮಹಡಿಯ ಬ್ಯಾಂಕ್ ಕೌಂಟರ್‌ಗಳಿಗಿಂತ ಇಲ್ಲಿ ದರ ಚೆನ್ನಾಗಿರುತ್ತದೆ. ರೂಪಾಯಿಗಿಂತ ಮಡಿಕೆ ಬೀಳದ ಡಾಲರ್ ನೋಟುಗಳಿಗೆ ಒಳ್ಳೆಯ ದರ ಸಿಗುತ್ತದೆ. ಎಟಿಎಂನಲ್ಲಿ ವಿದೇಶಿ ಕಾರ್ಡ್‌ಗೆ ಪ್ರತಿ ಸಲವೂ 200 ಬಾತ್‌ಗಿಂತ (ಬಾತ್ ಎಂದರೆ ಅಲ್ಲಿನ ಹಣ) ಹೆಚ್ಚು ಶುಲ್ಕ ಮುರಿಯುತ್ತಾರೆ, ಆದ್ದರಿಂದ ಚೂರುಚೂರಾಗಿ ತೆಗೆಯಬೇಡಿ. ಯಂತ್ರವು ಹಣವನ್ನು ರೂಪಾಯಿಗೆ ಪರಿವರ್ತಿಸಿ ತೋರಿಸಲೇ ಎಂದು ಕೇಳಿದರೆ ಬೇಡ ಎನ್ನಿ. ರೈಲಿನಲ್ಲಿ ಮಕ್ಕಾಸನ್‌ನಲ್ಲಿ ಇಳಿದರೆ ಮೇಲ್ಸೇತುವೆಯ ಆಚೆ ಫೆಟ್ಚಬುರಿ ಮೆಟ್ರೊ ನಿಲ್ದಾಣ, ಅಲ್ಲಿಂದ ನೀಲಿ ಮಾರ್ಗದಲ್ಲಿ ನೇರವಾಗಿ ಸಾಮ್ ಯೋಟ್. ಮೆಟ್ರೊ ಗೇಟಿನಲ್ಲಿ ತಾಗಿಸಿದರೆ ಸಾಕಾಗುವ ವೀಸಾ, ಮಾಸ್ಟರ್‌ಕಾರ್ಡ್ ಗುರುತಿನ ಬ್ಯಾಂಕ್ ಕಾರ್ಡ್‌ಗಳು ನಡೆಯುತ್ತವೆ. ನಮ್ಮ ಬ್ಯಾಂಕುಗಳ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ಎರಡನ್ನೂ ಊರಿನಲ್ಲಿರುವಾಗಲೇ ತೆರೆಸಿಕೊಂಡಿರಬೇಕು. ಕಾರ್ಡ್ ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಒಂದು ಕಾರ್ಡ್ ತೋರಿಸಿ ಇಬ್ಬರು ಒಳಹೋಗಲಾಗದು. ಬೆಳಗಿನ ಕಚೇರಿ ಹೊತ್ತಿನಲ್ಲಿ ಗಾಡಿ ತುಂಬಿರುತ್ತದೆ, ಚೀಲವನ್ನು ಬೆನ್ನಿನಿಂದ ಇಳಿಸಿ ಎದೆಗೆ ಹಾಕಿಕೊಳ್ಳಿ.

ಚೀಲಗಳನ್ನು ಗೆಸ್ಟ್‌ಹೌಸ್‌ನವರ ಹತ್ತಿರ ಬಿಟ್ಟು, ಮುಖ ತೊಳೆದು, ಏನಾದರೂ ತಿಂದು, ದೋಣಿ ಹತ್ತಿ. ದೇವಸ್ಥಾನ, ಅರಮನೆ ಇವತ್ತು ಬೇಡ. ಸನಾಮ್ ಚಾಯ್ ಮೆಟ್ರೊ ನಿಲ್ದಾಣದ ಪಕ್ಕದ ರಾಜಿನಿ ಕಟ್ಟೆಯಿಂದ ಚಾವೊ ಫ್ರಾಯಾ ನದಿಯ ಕಿತ್ತಳೆ ಬಾವುಟದ ದೋಣಿ ಸಿಗುತ್ತದೆ. ದರ 16 ಬಾತ್ ಆಸುಪಾಸು, ದೂರ ಎಷ್ಟಾದರೂ ಒಂದೇ. ದೊಡ್ಡ ಕಟ್ಟೆಗಳಲ್ಲಿ ಪ್ರವಾಸಿಗರ ದೋಣಿಯ ದುಬಾರಿ ಟಿಕೆಟ್ಟನ್ನು ಮುಂದೆ ಚಾಚುತ್ತಾರೆ. ಕಿತ್ತಳೆ ಬಾವುಟ ಎಂದು ಹೇಳಿ ಕಾಯಿರಿ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಅರೆಗಳಿಗೆ. ಹಿಂಬದಿಯಲ್ಲಿ ಹಗ್ಗ ಹಿಡಿದು ನಿಂತವನು ಸಿಳ್ಳೆ ಊದಿ ಚಾಲಕನಿಗೆ ಹಿಂದೆ, ಮುಂದೆ ಎಂದು ಸೂಚನೆ ಕೊಡುತ್ತಿರುತ್ತಾನೆ, ಆ ಸಿಳ್ಳೆ ನಿಲ್ಲುವುದರೊಳಗೆ ಹತ್ತಿಬಿಡಬೇಕು. ಆಮೇಲೆ ಉದ್ದನೆಯ ಲೋಹದ ಕೊಳವೆಯೊಂದನ್ನು ಝಣಝಣ ಅಲ್ಲಾಡಿಸುತ್ತ ಕಂಡಕ್ಟರ್ ಬರುತ್ತಾರೆ. ಚಿಲ್ಲರೆಯೂ ಟಿಕೆಟ್ ಸುರುಳಿಯೂ ಅದರೊಳಗೇ. ಉತ್ತರದ ಕೊನೆಯ ಕಟ್ಟೆ ನೊಂಥಬುರಿಯವರೆಗೆ ಸುಮ್ಮನೆ ಕುಳಿತು ಹೋಗಿ, ಅಲ್ಲಿ ಹಣ್ಣು ತಿಂದು ವಾಪಸ್ ಬನ್ನಿ. ಒಂದೊಂದು ಕಡೆಗೂ ಮುಕ್ಕಾಲು ಗಂಟೆಯಷ್ಟು. ವಾಟ್ ಅರುಣ್‌ನ ಗೋಪುರ, ಅರಮನೆಯ ಬಂಗಾರದ ಮಾಡುಗಳು, ನದಿಯಂಚಿನ ಮರದ ಮನೆಗಳು ಎಲ್ಲವೂ ಕುಳಿತಲ್ಲಿಗೇ ಬರುತ್ತವೆ. ಗಾಳಿ ಬೀಸುತ್ತಿರುತ್ತದೆ, ಕಾಲಿಗೆ ಕೆಲಸವಿಲ್ಲ, ಯಾರೂ ಏನನ್ನೂ ನಿರ್ಧರಿಸಬೇಕಾಗಿಲ್ಲ. ನಿದ್ದೆಗೆಟ್ಟ ಇಬ್ಬರಿಗೆ ಬ್ಯಾಂಕಾಕ್ ಕೊಡಬಲ್ಲ ಅತ್ಯುತ್ತಮ ಬೆಳಗು ಇದು. ಎರಡು ಗಂಟೆಗೆ ಕೋಣೆ ಸೇರಿ ಮಲಗಿ, ಐದಕ್ಕೆ ಏಳಿ.

ಊಟದ ಬಗ್ಗೆ ವಿವರವಾಗಿ ಬರೆಯಬೇಕು. ಸಸ್ಯಾಹಾರಿಗಳು ಅಲ್ಲಿ ಉಪವಾಸ ಬೀಳುತ್ತಾರೆ ಎಂಬ ಮಾತು ಸುಳ್ಳು. ಆದರೆ ತರಕಾರಿ ಊಟ ಎಂದು ಕೇಳಿದೊಡನೆ ನಿಮ್ಮ ಅರ್ಥದ ಸಸ್ಯಾಹಾರ ಬರುವುದೂ ಇಲ್ಲ. ಅಲ್ಲಿನ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ನಿಲ್ಲುವುದು ನಾಮ್ ಪ್ಲಾ ಎಂಬ ಮೀನಿನ ಸಾರ. ಸೊಪ್ಪಿನ ಪಲ್ಯಕ್ಕೆ ಸಿಂಪಿಯ ಸಾಸ್ ಬೀಳುತ್ತದೆ. ಕರಿಗಳ ಮಸಾಲೆ ಅರೆಯುವಾಗಲೇ ಸೀಗಡಿ ಹಾಕಿರುತ್ತಾರೆ, ಹಸಿ ಪಪ್ಪಾಯಿಯ ಕೋಸಂಬರಿಯಂಥ ಸೋಮ್ ತಾಮ್‌ನಲ್ಲಿ ಒಣ ಸೀಗಡಿ ಇರುತ್ತದೆ. ಮಾಂಸ ಬೇಡ ಎಂದರೆ ಅಡುಗೆಯವರು ತುಂಡುಗಳನ್ನು ಬಿಡುತ್ತಾರೆಯೇ ಹೊರತು ಈ ಸಾರಗಳನ್ನಲ್ಲ. ಅವರಿಗೆ ಅದು ಮಾಂಸವೆಂದೇ ತೋರುವುದಿಲ್ಲ.

ನೀವು ಹುಡುಕಬೇಕಾದದ್ದು ‘ಜೇ’ ಅಂಗಡಿಗಳನ್ನು. ಚೀನೀ ಮೂಲದ ಬೌದ್ಧರ ವ್ರತದ ಊಟವಿದು. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಹಳದಿ ಫಲಕದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತದೆ. ಅದರ ಚಿತ್ರವನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ದೂರದಿಂದಲೇ ಗುರುತು ಸಿಗುತ್ತದೆ. ಸೆವೆನ್-ಇಲೆವೆನ್ ಅಂಗಡಿಯ ಪೊಟ್ಟಣಗಳ ಮೇಲೂ ಇದೇ ಗುರುತು ಇರುತ್ತದೆ. ಸೋಯಾದಿಂದ ಮಾಡಿದ, ನೋಡಲು ಮಾಂಸದ ಹಾಗೇ ಇರುವ ತುಂಡುಗಳು ಜೇ ಅಂಗಡಿಯಲ್ಲಿ ಬಹಳ, ಕಂಡು ಗಾಬರಿಯಾಗಬೇಡಿ. ಉಳಿದ ಹೋಟೆಲ್‌ಗಳಿಗೆಂದು ‘ನಾನು ಜೇ ಊಟ ಮಾಡುತ್ತೇನೆ, ಮೀನಿನ ಸಾರ, ಸಿಂಪಿ ಸಾಸ್, ಸೀಗಡಿ ಬೇಡ’ ಎಂಬ ವಾಕ್ಯವನ್ನು ಗೆಸ್ಟ್‌ಹೌಸ್‌ನವರಿಂದ ಥಾಯ್ ಲಿಪಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗಿಂತ ಚೀಟಿ ಕೆಲಸ ಮಾಡುತ್ತದೆ, ಏಕೆಂದರೆ ಥಾಯ್ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ನಾವು ಹೇಳಿದ್ದು ಅವರಿಗೆ ಗೊತ್ತಾಗುವುದೇ ಇಲ್ಲ. ಅನ್ನ ಸಾರು ಬೇಕೆನಿಸಿದ ದಿನ ಫಾಹುರತ್‌ಗೆ ನಡೆಯಿರಿ. ಬಂಗಾರದ ಗುಮ್ಮಟದ ಗುರುದ್ವಾರ, ಅದರ ಸುತ್ತ ಭಾರತೀಯ ಹೋಟೆಲ್‌ಗಳು, ಸಿಹಿತಿಂಡಿ ಅಂಗಡಿಗಳಿವೆ. ಅಲ್ಲಿ ಸಿಗುವುದು ಹೆಚ್ಚಾಗಿ ಉತ್ತರ ಭಾರತದ ಅಡುಗೆ.

ನಿಮ್ಮ ಪತಿಗೆ ಯಾವೋವರತ್‌ನ ರಾತ್ರಿಯ ಬೀದಿ ಅಡುಗೆ ಸ್ವರ್ಗ. ಅವರನ್ನು ತಡೆಯಬೇಡಿ, ನೀವೂ ಹಸಿದುಕೊಂಡು ಅವರ ಹಿಂದೆ ತಿರುಗಬೇಡಿ. ನೀವು ಮೊದಲು ಉಂಡು, ಆಮೇಲೆ ಒಂದು ಲೋಟ ದಾಳಿಂಬೆ ರಸ ಹಿಡಿದು ಅವರ ಜೊತೆ ಹೋಗಿ. ದಂಪತಿಗಳ ಪ್ರವಾಸದ ಜಗಳಗಳಲ್ಲಿ ಬಹುಪಾಲು ಹಸಿವಿನಿಂದಲೇ ಹುಟ್ಟುವುದನ್ನು ನೋಡಿದ್ದೇನೆ. ಒಬ್ಬರಿಗೆ ಊಟ ಸುಲಭವಾಗಿ ಸಿಕ್ಕಿ ಇನ್ನೊಬ್ಬರಿಗೆ ಸಿಗದ ಊರಿನಲ್ಲಂತೂ ಇದು ಇನ್ನೂ ಹೆಚ್ಚು. ಚೀಲದಲ್ಲಿ ಕಡಲೆಬೀಜ, ಬಾಳೆಹಣ್ಣು, ನೀರು ಸದಾ ಇರಲಿ. ನಲ್ಲಿ ನೀರು ಕುಡಿಯಬೇಡಿ.

ಎರಡನೆಯ ದಿನ, ಬುಧವಾರ, ಅರಮನೆ. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹತ್ತರ ಮೇಲೆ ಜನಜಂಗುಳಿಯೂ ಬಿಸಿಲೂ ತಡೆಯಲಾಗದಷ್ಟು ಹೆಚ್ಚುತ್ತವೆ. ಪ್ರವೇಶಕ್ಕೆ ತಲಾ 500 ಬಾತ್. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು, ಇಬ್ಬರಿಗೂ ಅನ್ವಯ. ಸುಲಭವಾಗಿ ಕಳಚುವ ಚಪ್ಪಲಿ ಹಾಕಿಕೊಂಡು ಹೋಗಿ.

ಅರಮನೆಯ ಗೋಡೆಯ ಬಳಿ ಒಬ್ಬರು ನಿಮ್ಮನ್ನು ಮಾತಾಡಿಸಬಹುದು. ಇಸ್ತ್ರಿ ಮಾಡಿದ ಅಂಗಿ, ನಯವಾದ ಇಂಗ್ಲಿಷ್, ಮುಖದಲ್ಲಿ ನಗು. ಯಾವ ಊರು ಎಂದು ಕೇಳಿ, ಭಾರತ ಎಂದೊಡನೆ ಸಂತೋಷಪಡುತ್ತಾರೆ. ಆಮೇಲೆ, ಇವತ್ತು ಪೂಜೆ ಇದೆ, ಮಧ್ಯಾಹ್ನ ಒಂದರವರೆಗೆ ಅರಮನೆ ಮುಚ್ಚಿದೆ ಎನ್ನುತ್ತಾರೆ. ನಿಮ್ಮ ನಕ್ಷೆಯ ಮೇಲೆಯೇ ಪೆನ್ನಿನಿಂದ ಗುರುತು ಹಾಕಿ, ಅಷ್ಟರಲ್ಲಿ ಈ ಬುದ್ಧನನ್ನು ನೋಡಿಬನ್ನಿ, ಟುಕ್‌ಟುಕ್‌ಗೆ ಬರೀ 20 ಬಾತ್ ಎನ್ನುತ್ತಾರೆ. ಟುಕ್‌ಟುಕ್ ಅಲ್ಲೇ ನಿಂತಿರುತ್ತದೆ. ಅದು ಹೋಗಿ ನಿಲ್ಲುವುದು ಹರಳಿನ ಅಂಗಡಿಯ ಮುಂದೆ ಅಥವಾ ದರ್ಜಿಯ ಅಂಗಡಿಯ ಮುಂದೆ. ಚಾಲಕನಿಗೆ ಅಂಗಡಿಯವರಿಂದ ಕಮಿಷನ್. ಊರಿಗೆ ಹೋಗಿ ಮಾರಿದರೆ ದುಪ್ಪಟ್ಟು ಬೆಲೆ ಬರುತ್ತದೆ ಎಂದು ನಂಬಿಸಿ ಅಗ್ಗದ ಹರಳನ್ನು ಸಾವಿರಾರು ಬಾತ್‌ಗೆ ಕೊಡುತ್ತಾರೆ. ದಶಕಗಳಿಂದ ನಡೆದುಬಂದ ಮೋಸವಿದು, ಇವತ್ತಿಗೂ ಓದಿದವರೇ ಬೀಳುತ್ತಾರೆ. ಮುಚ್ಚಿದೆ ಎಂದು ಯಾರೇ ಹೇಳಲಿ, ಕೈಮುಗಿದು ನಕ್ಕು ಟಿಕೆಟ್ ಕಿಟಕಿಯವರೆಗೆ ನಡೆದುಬಿಡಿ. ತೊಂದರೆ ಎದುರಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ಒಳಗೆ ಹೋದಮೇಲೆ ಹೆಚ್ಚಿನವರು ಮಾಡುವ ಹಾಗೆ ಪಚ್ಚೆ ಬುದ್ಧನ ಗುಡಿ ನೋಡಿ ಹೊರಬಂದುಬಿಡಬೇಡಿ. ಆ ಗುಡಿಯ ಸುತ್ತಲಿನ ಮೊಗಸಾಲೆಯ ಗೋಡೆಯುದ್ದಕ್ಕೂ 178 ಅಂಕಣಗಳಲ್ಲಿ ರಾಮಕಥೆ ಇದೆ. 1782ರಲ್ಲಿ ಈ ರಾಜಧಾನಿಯನ್ನು ಕಟ್ಟಿದ ಮೊದಲನೆಯ ರಾಮ ಎಂಬ ದೊರೆ, 1767ರಲ್ಲಿ ಹಿಂದಿನ ರಾಜಧಾನಿ ಆಯುತ್ಥಾಯ ನಾಶವಾದಾಗ ಕಳೆದುಹೋದ ಪಠ್ಯಗಳಿಗೆ ಬದಲಾಗಿ ರಾಮಕೀನ್ ಕಾವ್ಯವನ್ನು ಹೊಸದಾಗಿ ಬರೆಯಿಸಿದ. ಚಿತ್ರಗಳು ಆ ಕಥೆಯವು. ಉತ್ತರದ ಕಡೆಯಿಂದ, ಜನಕನಿಗೆ ಸೀತೆ ನೆಲದಲ್ಲಿ ಸಿಗುವ ಚಿತ್ರದಿಂದ ಹೊರಟು, ಗುಡಿಯನ್ನು ಸುತ್ತುತ್ತ ನೋಡಬೇಕು. ರಾವಣನಿಗೆ ಇಲ್ಲಿ ಥೋಟ್ಸಕಾನ್ ಎಂಬ ಹೆಸರು. ಹನುಮಂತ ಬ್ರಹ್ಮಚಾರಿಯಲ್ಲ, ಸಮುದ್ರದ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುವ ರಸಿಕ. ಬಾಗಿಲುಗಳ ಪಕ್ಕದಲ್ಲಿ ಕೋರೆಹಲ್ಲು ಬಿಟ್ಟು ಗದೆಯೂರಿ ನಿಂತ ಆಳೆತ್ತರ ಮೀರಿದ ಯಕ್ಷರಿದ್ದಾರೆ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ಮಲೆನಾಡಿನವರಾದ ನಿಮಗೆ ಅವರ ಮುಂದೆ ನಿಂತಾಗ ಆಗುವ ಸಂತೋಷ ಬೇರೆ ದೇಶದ ಪ್ರವಾಸಿಗಳಿಗೆ ಸಿಗಲಾರದು. ಇದಕ್ಕೆ ಎರಡು ಗಂಟೆ ಕೊಡಿ.

ಅಲ್ಲಿಂದ ವಾಟ್ ಪೋಗೆ ಹತ್ತು ಹದಿನೈದು ನಿಮಿಷದ ನಡಿಗೆ. 46 ಮೀಟರ್ ಉದ್ದದ ಮಲಗಿದ ಬುದ್ಧ, ಅವನ ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ 108 ಚಿತ್ರಗಳು. ಥಾಯ್ ಮಸಾಜ್ ಕಲಿಸುವ ಪ್ರಸಿದ್ಧ ಶಾಲೆಯೂ ಅಲ್ಲೇ. ಅಷ್ಟಕ್ಕೆ ಸಾಕು ಮಾಡಿ. ವಾಟ್ ಅರುಣ್‌ಗೆ ಬಿಸಿಲಿಳಿದ ಮೇಲೆ ಥಾ ತಿಯನ್ ಕಟ್ಟೆಯಿಂದ ಕೆಲವೇ ಬಾತ್ ಕೊಟ್ಟು ದೋಣಿಯಲ್ಲಿ ದಾಟಬಹುದು, ಮನಸ್ಸಿಲ್ಲದಿದ್ದರೆ ಈಚೆ ದಡದಿಂದಲೇ ನೋಡಿದರೂ ಅದು ಸುಂದರ.

ಗುರುವಾರ ಬೆಳಿಗ್ಗೆ ಇಬ್ಬರೂ ಬೇರೆ ಬೇರೆಯಾಗಿ ಅಡ್ಡಾಡಿ. ಹೊಸದಾಗಿ ಮದುವೆಯಾದವರು ಇದನ್ನು ಕೇಳಿ ಮುಖ ಗಂಟಿಕ್ಕುತ್ತಾರೆ. ಆದರೆ ಮೂರು ವಾರ ಇಪ್ಪತ್ತನಾಲ್ಕು ಗಂಟೆಯೂ ಒಬ್ಬರ ಮುಖ ಒಬ್ಬರು ನೋಡುವುದು ಮನೆಯಲ್ಲಿಯೂ ಯಾರಿಗೂ ಅಭ್ಯಾಸವಿಲ್ಲ. ನೀವು ಲುಂಪಿನಿ ಉದ್ಯಾನಕ್ಕೆ ಹೋಗಿ, ಸಿ ಲೋಮ್ ಮೆಟ್ರೊ ನಿಲ್ದಾಣ ಅದಕ್ಕೆ ಹತ್ತಿರ. ಕೆರೆಯ ದಂಡೆಯಲ್ಲಿ ಮಾರುದ್ದದ ಉಡಗಳು ಮೈ ಕಾಯಿಸಿಕೊಳ್ಳುತ್ತಿರುತ್ತವೆ. ಅವುಗಳ ತಂಟೆಗೆ ಹೋಗದಿದ್ದರೆ ಏನೂ ಮಾಡುವುದಿಲ್ಲ. ಎಂಟು ಗಂಟೆಗೆ ರಾಷ್ಟ್ರಗೀತೆ ಮೊಳಗುತ್ತದೆ. ಓಡುತ್ತಿದ್ದವರು, ವ್ಯಾಯಾಮ ಮಾಡುತ್ತಿದ್ದವರು ಇದ್ದಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ಸಂಜೆ ಆರಕ್ಕೂ ಹೀಗೆಯೇ. ಪತಿ ಅಷ್ಟರಲ್ಲಿ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಲಿ. ಬಂಗಾರದ ಗುಡ್ಡ ಎಂಬ ದೇವಸ್ಥಾನದ ಹತ್ತಿರದ ಕಟ್ಟೆಯಿಂದ ಹೊರಟು ಪ್ರತುನಾಮ್‌ವರೆಗೆ, ಮನೆಗಳ ಹಿತ್ತಿಲನ್ನು ಸವರಿಕೊಂಡೇ ಸಾಗುತ್ತದೆ. ಎದುರು ದೋಣಿ ಬಂದಾಗ ಕೊಳಕು ನೀರು ಸಿಡಿಯದಂತೆ ಪಕ್ಕದ ಪ್ಲಾಸ್ಟಿಕ್ ಪರದೆಯನ್ನು ಹಗ್ಗ ಎಳೆದು ಏರಿಸುವ ಕೆಲಸ ಅಂಚಿನಲ್ಲಿ ಕುಳಿತ ಪ್ರಯಾಣಿಕರದ್ದು. ಬೇರೆಯಾಗುವ ಮೊದಲು ಮೂರು ವಿಷಯ ಖಚಿತ ಮಾಡಿಕೊಳ್ಳಿ: ಇಬ್ಬರ ಮೊಬೈಲ್‌ನಲ್ಲೂ ಅಲ್ಲಿನ ಸಿಮ್ ಇರಬೇಕು, ಇಬ್ಬರ ಜೇಬಿನಲ್ಲೂ ಥಾಯ್ ಲಿಪಿಯ ವಿಳಾಸದ ಕಾರ್ಡ್ ಮತ್ತು ಹಣ ಇರಬೇಕು, ಮೊಬೈಲ್ ಕೈಕೊಟ್ಟರೆ ಎಷ್ಟು ಗಂಟೆಗೆ ಎಲ್ಲಿ ಸೇರುವುದೆಂದು ಮೊದಲೇ ಗೊತ್ತಿರಬೇಕು.

ಇನ್ನು ಕೆಲವು ಎಚ್ಚರಿಕೆಗಳು. ದೊರೆ ಮತ್ತು ರಾಜಮನೆತನದ ಬಗ್ಗೆ ಹಗುರವಾದ ಮಾತು ಬೇಡ, ಅದಕ್ಕೆ ಮೂರರಿಂದ ಹದಿನೈದು ವರ್ಷದ ಜೈಲುಶಿಕ್ಷೆ ಇದೆ. ಇ-ಸಿಗರೇಟ್ ನಿಷಿದ್ಧ. ಗಾಂಜಾ ಅಂಗಡಿಗಳು ಕಣ್ಣಿಗೆ ಬೀಳುತ್ತವೆ, ಹತ್ತಿರ ಹೋಗಬೇಡಿ; ಅಲ್ಲಿನ ಕಾನೂನು ಬಿಗಿಯಾಗಿದೆ, ತಪ್ಪಿ ಚೀಲದಲ್ಲಿ ಉಳಿದರೆ ನಮ್ಮ ವಿಮಾನ ನಿಲ್ದಾಣದಲ್ಲಿ ಬಂಧನವೇ. ಭಿಕ್ಷುಗಳನ್ನು ಮಹಿಳೆಯರು ಮುಟ್ಟಬಾರದು, ದೋಣಿ, ರೈಲುಗಳಲ್ಲಿ ಅವರಿಗೆಂದು ಬಿಟ್ಟ ಜಾಗ ಬಿಟ್ಟುಕೊಡಿ. ಬುದ್ಧನ ಕಡೆಗೆ ಕಾಲು ಚಾಚಿ ಕೂರಬೇಡಿ. ಟ್ಯಾಕ್ಸಿಯವರು ಮೀಟರ್ ಹಾಕುವುದಿಲ್ಲವೆಂದರೆ ಇಳಿದು ಇನ್ನೊಂದು ನೋಡಿ, ಅಥವಾ ಗ್ರ್ಯಾಬ್ ಆ್ಯಪ್‌ನಲ್ಲಿ ಕರೆಸಿ. ಜನವರಿಯಲ್ಲಿ ಸೆಕೆ ಕಡಿಮೆ, ಆದರೆ ಗಾಳಿಯಲ್ಲಿ ಸೂಕ್ಷ್ಮ ಹೊಗೆದೂಳು ಹೆಚ್ಚುವ ಕಾಲವದು. ಇಬ್ಬರಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಒಳ್ಳೆಯ ಮಾಸ್ಕ್ ಮತ್ತು ಔಷಧ ಊರಿನಿಂದಲೇ ತೆಗೆದುಕೊಂಡು ಹೋಗಿ.

ಶುಕ್ರವಾರ ಬಟ್ಟೆ ಒಗೆಯಲು ಕೊಡಿ, ಹೂವಿನ ಮಾರುಕಟ್ಟೆ ಪಾಕ್ ಖ್ಲೋಂಗ್‌ನಲ್ಲಿ ಮಲ್ಲಿಗೆ ಮೊಗ್ಗಿನ ಮಾಲೆ ಕಟ್ಟುವುದನ್ನು ನೋಡಿ, ಮಿಕ್ಕ ಹೊತ್ತು ಖಾಲಿ ಬಿಡಿ. ಪಟ್ಟಿಯಿಂದ ಹೊಡೆದುಹಾಕಿದ ಯಾವುದಾದರೂ ಒಂದನ್ನು ನೋಡಲೇಬೇಕೆಂದು ನಿಮ್ಮ ಪತಿಗೆ ಅನ್ನಿಸಿದರೆ ಅದಕ್ಕೂ ಇವತ್ತೇ ಸಮಯ. ಚಿಯಾಂಗ್ ಮಾಯ್ ರೈಲು ಹೊರಡುವುದು ಹಳೆಯ ಹುವಾ ಲಾಂಫೋಂಗ್ ನಿಲ್ದಾಣದಿಂದಲ್ಲ. ದೂರದೂರಿನ ರೈಲುಗಳು 2023ರ ಜನವರಿಯಲ್ಲೇ ಬಾಂಗ್ ಸುವಿನ ಕ್ರುಂಗ್ ಥೇಪ್ ಅಪಿವಾತ್ ನಿಲ್ದಾಣಕ್ಕೆ ಹೋಗಿವೆ, ಹಳೆಯ ಪುಸ್ತಕ ನಂಬಿ ಹೋದವರು ಇನ್ನೂ ತಪ್ಪು ನಿಲ್ದಾಣಕ್ಕೆ ಹೋಗುತ್ತಿದ್ದಾರೆ. ಮೆಟ್ರೊದಲ್ಲಿ ಬಾಂಗ್ ಸು ಎಂದು ಇಳಿದರಾಯಿತು. ಟಿಕೆಟ್ಟನ್ನು ರಾಜ್ಯ ರೈಲ್ವೆಯ ಜಾಲತಾಣದಲ್ಲಿ ಈಗಲೇ ತೆಗೆಯಿರಿ, ಜನವರಿಯಲ್ಲಿ ಮಲಗುವ ಬೋಗಿಗಳು ಬೇಗ ತುಂಬುತ್ತವೆ. ಕೆಳಗಿನ ಬರ್ತ್ ಅಗಲವಾಗಿರುತ್ತದೆ, ಬೆಲೆ ಸ್ವಲ್ಪ ಹೆಚ್ಚು; ಮೇಲೆ ದೀಪ ಕಣ್ಣಿಗೆ ಹೊಡೆಯುತ್ತದೆ, ಹವಾನಿಯಂತ್ರಣದ ಚಳಿಯೂ ಜಾಸ್ತಿ. ಎರಡೂ ಕೆಳಗಿನದೇ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಯಾರು ಮೇಲೆ ಎಂದು ಇಲ್ಲೇ ತೀರ್ಮಾನಿಸಿಕೊಂಡು, ಮೇಲೆ ಮಲಗುವವರಿಗೆ ಒಂದು ಶಾಲು ಇಟ್ಟುಕೊಳ್ಳಿ. ರೈಲಿನಲ್ಲಿ ಜೇ ಊಟ ಸಿಕ್ಕೇ ಸಿಗುತ್ತದೆಂದು ನಂಬಬೇಡಿ. ಮಧ್ಯಾಹ್ನವೇ ನಿಮ್ಮ ರಾತ್ರಿಯ ಊಟ ಕಟ್ಟಿಸಿಕೊಂಡು ಹೊರಡಿ.